ಎಂಟು ಹೊಂಗೆ ಮರ, ಒಂದು ಡೀಸೆಲ್ ಬುಲೆಟ್

ಮೈಸೂರಿನ ನಗರ ಬಸ್ ನಿಲ್ದಾಣದಿಂದ ಹುಣಸೂರು ರಸ್ತೆ ಹಿಡಿದ ಬಸ್ಸು ಕಲಾಮಂದಿರ, ಹಿನಕಲ್, ಹೂಟಗಳ್ಳಿ ದಾಟಿ ಇಲವಾಲದ ಕಡೆ ಸಾಗುತ್ತದೆ. ಹಿಂದೆ ಹಿನಕಲ್ ದಾಟಿತೆಂದರೆ ಊರು ಮುಗಿಯಿತು ಎಂದೇ ಲೆಕ್ಕ. ಆಮೇಲೆ ರಾಗಿ ಹೊಲ, ಹುರುಳಿ ಹೊಲ, ರಸ್ತೆಯ ಎರಡೂ ಮಗ್ಗುಲಿಗೆ ಸಾಲುಮರ. ಈಗ ಬಡಾವಣೆಗಳ ಕಮಾನುಗಳು ಇಲವಾಲದವರೆಗೂ ಬಂದಿವೆ. ನಡುವೆ ಬೆಳವಾಡಿಯ ಬಳಿ ಬಿಇಎಂಎಲ್ ಕಾರ್ಖಾನೆಯ ಉದ್ದನೆಯ ಕಾಂಪೌಂಡು. ಗಣಿಗಳಲ್ಲಿ ಮನೆಯಷ್ಟು ಎತ್ತರದ ಚಕ್ರಗಳ ಮೇಲೆ ಓಡುವ ಡಂಪರುಗಳೂ, ಅಂಥ ಯಂತ್ರಗಳಿಗೆ ಬೇಕಾದ ಡೀಸೆಲ್ ಎಂಜಿನ್ನುಗಳೂ ಅಲ್ಲಿ ತಯಾರಾಗುತ್ತವೆ. ಇಲವಾಲದಿಂದ ಬಲಕ್ಕೆ ತಿರುಗಿದರೆ ಕನ್ನಂಬಾಡಿ ಕಟ್ಟೆಯ ದಾರಿ. ಸುತ್ತಿನಲ್ಲೇ ಇರುವ ರತ್ನಹಳ್ಳಿಯಲ್ಲಿ ಪರಮಾಣು ಶಕ್ತಿ ಇಲಾಖೆಯ ಘಟಕವೊಂದಿದೆ. ನೀರು, ಡೀಸೆಲ್, ಪರಮಾಣು ಮೂರೂ ಶಕ್ತಿಯ ಮಾತುಗಳು ಒಂದೇ ಹೋಬಳಿಯ ಆಸುಪಾಸಿನಲ್ಲಿ ಸಿಗುವುದು ಅಪರೂಪವೇ ಸರಿ.

ಊರಿಗೆ ಹಳೆಯ ಹೆಸರೂ ಉಂಟು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಆರ್ಥರ್ ಕೋಲ್ ಇಲ್ಲಿ ರೆಸಿಡೆನ್ಸಿ ಬಂಗಲೆ ಕಟ್ಟಿಸಿದ. ಅದಕ್ಕಿಂತ ದೊಡ್ಡ ಸುದ್ದಿ 1957ರ ಸೆಪ್ಟೆಂಬರಿನದು. ವಿನೋಬಾ ಭಾವೆಯವರ ಗ್ರಾಮದಾನ ಚಳವಳಿಯ ಬಗ್ಗೆ ಚರ್ಚಿಸಲು ಇದೇ ಇಲವಾಲದಲ್ಲಿ ಸರ್ವಪಕ್ಷಗಳ ಸಮ್ಮೇಳನ ಸೇರಿತು. ರಾಷ್ಟ್ರಪತಿ ರಾಜೇಂದ್ರ ಪ್ರಸಾದ್, ಪ್ರಧಾನಿ ನೆಹರೂ, ಜಯಪ್ರಕಾಶ್ ನಾರಾಯಣ್, ಕೇರಳದ ಕಮ್ಯುನಿಸ್ಟ್ ಮುಖ್ಯಮಂತ್ರಿ ಇ.ಎಂ.ಎಸ್. ನಂಬೂದಿರಿಪಾಡ್ ಎಲ್ಲರೂ ಬಂದಿದ್ದರು. ಬಂದವರೆಲ್ಲ ರೈಲು, ಮೋಟಾರು ಹತ್ತಿ ಬಂದವರು. ವಿನೋಬಾ ಮಾತ್ರ ಎಂದಿನಂತೆ ಕಾಲ್ನಡಿಗೆಯವರು, ಇಂಧನದ ಚಿಂತೆಯೇ ಇಲ್ಲದವರು. ಹಳ್ಳಿ ತನಗೆ ಬೇಕಾದದ್ದನ್ನು ತಾನೇ ಮಾಡಿಕೊಳ್ಳಬೇಕೆಂಬುದು ಅಲ್ಲಿ ಕೇಳಿಬಂದ ಮಾತಿನ ತಿರುಳು.

ಆ ಮಾತು ನೆನಪಿಗೆ ಬರಲು ಕಾರಣ ಇಲವಾಲದ ವೃತ್ತದ ಬಳಿ, ಟೀ ಅಂಗಡಿಯ ಪಕ್ಕದ ಹೊಂಗೆ ಮರದ ನೆರಳಿನಲ್ಲಿ ನಿಲ್ಲುವ ಒಂದು ಹಳೆಯ ಬೈಕು. ದೂರದಿಂದ ನೋಡಿದರೆ ಎಲ್ಲ ಬುಲೆಟ್‌ಗಳಂತೆಯೇ. ಹತ್ತಿರ ಹೋದರೆ ಎಂಜಿನ್ ಬೇರೆ ಎಂದು ಗೊತ್ತಾಗುತ್ತದೆ. ಸ್ಪಾರ್ಕ್ ಪ್ಲಗ್ ಇಲ್ಲ, ಕಾರ್ಬ್ಯುರೇಟರ್ ಇಲ್ಲ. ಅದು ರಾಯಲ್ ಎನ್‌ಫೀಲ್ಡ್ ಕಂಪನಿ 1990ರ ದಶಕದಲ್ಲಿ ತಯಾರಿಸಿದ ಡೀಸೆಲ್ ಬುಲೆಟ್, ‘ಟಾರಸ್’. ಆ ಹೆಸರಿನ ಅರ್ಥ ವೃಷಭ. ಚಾಮುಂಡಿ ಬೆಟ್ಟದ ನಂದಿಯಷ್ಟು ಅಲ್ಲದಿದ್ದರೂ ತೂಕದಲ್ಲಿ ಇದೂ ಕಡಿಮೆಯದಲ್ಲ, ಹತ್ತಿರ ಹತ್ತಿರ 200 ಕಿಲೊ. ಎಂಜಿನ್ 325 ಸಿ.ಸಿ.ಯದು, ಇಟಲಿಯ ಲೊಂಬಾರ್ದಿನಿ ವಿನ್ಯಾಸದ್ದು, ಇಲ್ಲಿ ಗ್ರೀವ್ಸ್ ಕಂಪನಿ ಮಾಡಿದ್ದು. ಶಕ್ತಿ ಆರೂವರೆ ಅಶ್ವಶಕ್ತಿ ಮಾತ್ರ. ಗಂಟೆಗೆ 65 ಕಿ.ಮೀ. ಮುಟ್ಟುವಷ್ಟರಲ್ಲಿ ಸವಾರನ ಮೈಯೆಲ್ಲ ನಡುಗಿರುತ್ತದೆ. ಆದರೆ ಲೀಟರಿಗೆ 70 ಕಿ.ಮೀ. ಕೊಡುತ್ತಿತ್ತು. ಪೆಟ್ರೋಲಿಗಿಂತ ಡೀಸೆಲ್ ಬಹಳ ಅಗ್ಗವಾಗಿದ್ದ ಆ ಕಾಲದಲ್ಲಿ ಹಾಲಿನವರಿಗೂ ತರಕಾರಿಯವರಿಗೂ ಅಷ್ಟೇ ಸಾಕಿತ್ತು. ಹೊಸ ಶತಮಾನದ ಹೊಗೆ ನಿಯಮಗಳ ಹೊತ್ತಿಗೆ ಇದರ ತಯಾರಿಕೆ ನಿಂತಿತು.

ಮೋಟಾರ್ ಸೈಕಲ್ಲಿನ ವಿಷಯದಲ್ಲಿ ಮೈಸೂರಿನವರಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಹೊರಬರತೊಡಗಿದ ಜಾವಾ, ಆಮೇಲೆ ಬಂದ ಯೆಜ್ಡಿ ಈ ಊರಿನ ಮನೆಮಾತು. 1996ರಲ್ಲಿ ಬಾಗಿಲು ಮುಚ್ಚಿದರೂ ಅದರ ಸದ್ದು ಗುರುತಿಸದ ಹಳೆಯ ಮೈಸೂರಿಗ ಸಿಗಲಾರ. ಆದರೆ ಅವು ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಟೂ ಸ್ಟ್ರೋಕ್ ಗಾಡಿಗಳು. ಇಲ್ಲಿರುವುದು ಬೇರೆಯದೇ ಜಾತಿ.

ಈ ಟಾರಸ್‌ನ ಒಡೆಯರು ಇಲವಾಲದ ಕಡೆಯ ಒಬ್ಬ ಸಣ್ಣ ರೈತರು. ಬೆಳಗಿನ ಜಾವ ಸೊಪ್ಪು, ಬದನೆಕಾಯಿ ಹೇರಿಕೊಂಡು ಮೈಸೂರಿನ ಎಂ.ಜಿ. ರಸ್ತೆಯ ಮಾರುಕಟ್ಟೆಗೆ ಹೋಗಿ ಬರುತ್ತಾರೆ. ದಿನಕ್ಕೆ ಸುಮಾರು 30 ಕಿ.ಮೀ. ಗಾಡಿಗೆ ಇಪ್ಪತ್ತೈದು ವರ್ಷ ಮೀರಿದೆ. ನೋಂದಣಿ ನವೀಕರಿಸಬೇಕು, ಅದಕ್ಕೆ ಹೊಗೆ ಪರೀಕ್ಷೆ ಆಗಬೇಕು, ಶುಲ್ಕವೂ ಮೊದಲಿನಂತಿಲ್ಲ. ದ್ವಿತೀಯ ಪಿಯುಸಿ ವಿಜ್ಞಾನ ಓದುವ ಮಗನದು ಒಂದೇ ಹಟ: ಗುಜರಿಗೆ ಹಾಕಿಬಿಡಬೇಕು. ಅಪ್ಪನ ತಲೆಯಲ್ಲಿ ಬೇರೆ ಯೋಚನೆ. ಹೊಲದ ಬದುವಿನ ಮೇಲೆ ಎಂಟು ಹೊಂಗೆ ಮರಗಳಿವೆ. ಅದರ ಎಣ್ಣೆಯಲ್ಲೇ ಓಡಿಸಿದರೆ?

‘ಪಂಪ್‌ಸೆಟ್ಟು ಓಡಿಸ್ತಾರಂತೆ ಹೊಂಗೆ ಎಣ್ಣೇಲಿ. ಇದೂ ಅದೇ ಇಂಜಿನ್ನೇ ಅಲ್ವೇನಪ್ಪ?’

‘ನಾಝಲ್ ಕಟ್ಕೊಂಡು ದಾರಿ ಮಧ್ಯ ನಿಂತ್ರೆ ಯಾರಪ್ಪ ತಳ್ಳೋದು? ಇನ್ನೂರು ಕಿಲೊ ಐತೆ ಇದು!’

ಇಬ್ಬರ ಮಾತಿನಲ್ಲೂ ಸತ್ಯವಿದೆ. ಅದು ಹೇಗೆಂದು ತಿಳಿಯಲು ಎಂಜಿನ್ನಿನ ಒಳಗೆ ಇಣುಕಬೇಕು.

ಸೈಕಲ್ಲಿಗೆ ಗಾಳಿ ಹೊಡೆದ ಮೇಲೆ ಪಂಪಿನ ತುದಿ ಮುಟ್ಟಿದರೆ ಬಿಸಿಯಾಗಿರುತ್ತದೆ. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಮತ್ತು ಪೆಟ್ರೋಲ್ ಆವಿಯ ಮಿಶ್ರಣವನ್ನು ಎಂಟು ಹತ್ತು ಪಟ್ಟು ಒತ್ತಿ, ಪ್ಲಗ್ಗಿನ ಕಿಡಿಯಿಂದ ಹೊತ್ತಿಸುತ್ತಾರೆ. ಡೀಸೆಲ್ ಎಂಜಿನ್ನಿನಲ್ಲಿ ಬರಿಯ ಗಾಳಿಯನ್ನು ಹದಿನೈದರಿಂದ ಇಪ್ಪತ್ತು ಪಟ್ಟು ಒತ್ತುತ್ತಾರೆ. ಆಗ ಅದರ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಕೆಂಡದಂಥ ಗಾಳಿಗೆ ಡೀಸೆಲನ್ನು ಮಂಜಿನಂತೆ ಸಿಂಪಡಿಸಿದರೆ ಸಾಕು, ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಅಷ್ಟು ಒತ್ತಡ ತಡೆಯಬೇಕಾದ್ದರಿಂದಲೇ ಎಂಜಿನ್ ದಪ್ಪ, ಗಾಡಿ ಭಾರ, ಸದ್ದು ಜೋರು. ಕಿಕ್ ಹೊಡೆಯುವಾಗಲೂ ಮೊದಲು ಡಿಕಂಪ್ರೆಶನ್ ಲಿವರ್ ಒತ್ತಿ ಸಿಲಿಂಡರಿನ ಉಸಿರು ಬಿಡಿಸಬೇಕು. ಇಲ್ಲದಿದ್ದರೆ ಕಿಕ್ಕರ್ ತಿರುಗಿ ಮೊಣಕಾಲಿಗೇ ಬಡಿಯುತ್ತದೆ.

ಕಿಡಿಯ ಹಂಗಿಲ್ಲದ ಈ ಎಂಜಿನ್ನಿಗೆ ಇಂಧನದ ಮಡಿವಂತಿಕೆಯೂ ಕಡಿಮೆ. ರುಡಾಲ್ಫ್ ಡೀಸೆಲ್ ತನ್ನ ಎಂಜಿನ್ನನ್ನು 1890ರ ದಶಕದಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ರೂಪಿಸಿದ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಅಂಥ ಒಂದು ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿತು. ಖನಿಜ ತೈಲಕ್ಕೆಂದೇ ಮಾಡಿದ ಯಂತ್ರಕ್ಕೆ ಬೇರೇನೂ ಬದಲಾವಣೆ ಮಾಡಿರಲಿಲ್ಲವಂತೆ. 1913ರಲ್ಲಿ ಇಂಗ್ಲೆಂಡಿಗೆ ಹೋಗುವ ಹಡಗಿನಿಂದ ಡೀಸೆಲ್ ರಾತ್ರೋರಾತ್ರಿ ಕಾಣೆಯಾದ. ಆಮೇಲೆ ಖನಿಜ ತೈಲ ಅಗ್ಗವಾಗಿ ಸಿಕ್ಕಿತು, ಕಡಲೆಕಾಯಿ ಎಣ್ಣೆ ಬಾಣಲೆಗೇ ಉಳಿಯಿತು.

ಇಂಧನಕ್ಕೆ ಬರ ಬಂದಾಗಲೆಲ್ಲ ಜನ ಬದಲಿ ಹುಡುಕಿದ್ದಾರೆ. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲ್ ಸಿಗದೆ ಈ ಸೀಮೆಯಲ್ಲೂ ಕರಾವಳಿಯಲ್ಲೂ ಬಸ್ಸುಗಳು ಇದ್ದಿಲು ಗ್ಯಾಸಿನಲ್ಲಿ ಓಡಿದವು. ಬಸ್ಸಿಗೆ ಅಂಟಿಸಿದ ಒಲೆಯಲ್ಲಿ ಇದ್ದಿಲನ್ನು ಅರೆಗಾಳಿಯಲ್ಲಿ ಉರಿಸಿದರೆ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಮುಚ್ಚಿದ ಕೋಣೆಯಲ್ಲಿ ಅಗ್ಗಿಷ್ಟಿಕೆ ಇಟ್ಟು ಮಲಗಿದವರನ್ನು ಕೊಲ್ಲುವ ಆ ಅನಿಲವೇ ಎಂಜಿನ್ನಿಗೆ ಆಹಾರ. ಏರು ಬಂದರೆ ಪ್ರಯಾಣಿಕರು ಇಳಿದು ನಡೆಯಬೇಕಾಗುತ್ತಿತ್ತೆಂದು ಹಿರಿಯರು ನಗುತ್ತಾ ಹೇಳುತ್ತಿದ್ದರು.

ಈಗ ಹೊಂಗೆಗೆ ಬರೋಣ. ಹೊಂಗೆ ಎಣ್ಣೆ ತಿನ್ನಲು ಬಾರದು, ಕಹಿ. ದೀಪಕ್ಕೆ, ಚರ್ಮದ ಕಾಯಿಲೆಗೆ, ಸೋಪಿಗೆ ಬಳಕೆ. ಹಿಂಡಿ ಗೊಬ್ಬರಕ್ಕೆ. ಬಾಯಿಗೆ ಬಾರದ ಎಣ್ಣೆಯನ್ನು ಎಂಜಿನ್ನಿಗೆ ಕೊಟ್ಟರೆ ಯಾರ ಒಗ್ಗರಣೆಗೂ ಕೊರತೆಯಾಗದು ಎಂಬುದೇ ಇದರ ದೊಡ್ಡ ಗುಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಉಡುಪಿ ಶ್ರೀನಿವಾಸ ಅವರು ಇದನ್ನು ಗಂಭೀರವಾಗಿ ಕೈಗೆತ್ತಿಕೊಂಡರು. 1990ರ ದಶಕದ ಕೊನೆಯ ಹೊತ್ತಿಗೆ ತುಮಕೂರು ಜಿಲ್ಲೆಯ ಕಗ್ಗನಹಳ್ಳಿಯಲ್ಲಿ ಹೊಂಗೆ ಎಣ್ಣೆಯಿಂದ ಓಡುವ ಜನರೇಟರುಗಳು ವಿದ್ಯುತ್ ಕೊಟ್ಟು ಕೊಳವೆ ಬಾವಿಗಳ ನೀರೆತ್ತಿದವು. ದಾಂಡೇಲಿಯ ಫೆರೊ ಅಲಾಯ್ ಕಾರ್ಖಾನೆಯೊಂದು 2001ರಲ್ಲಿ ತನ್ನ ಜನರೇಟರುಗಳನ್ನೇ ಹೊಂಗೆ ಎಣ್ಣೆಗೆ ಬದಲಿಸಿಕೊಂಡಿತು. ಮುಂದೆ ಹಾಸನದ ಬಳಿ ಮಡೇನೂರಿನಲ್ಲಿ ಕೃಷಿ ವಿಶ್ವವಿದ್ಯಾನಿಲಯದ ಜೈವಿಕ ಇಂಧನ ಉದ್ಯಾನ, 2009ರಲ್ಲಿ ರಾಜ್ಯದ ಜೈವಿಕ ಇಂಧನ ನೀತಿ ಎಲ್ಲ ಬಂದವು. ಇಲವಾಲದ ರೈತರ ಕಿವಿಗೆ ಬಿದ್ದಿದ್ದ ಪಂಪ್‌ಸೆಟ್ಟಿನ ಸುದ್ದಿ ಸುಳ್ಳಲ್ಲ.

ಆದರೆ ಮಗನ ನಾಝಲ್ಲಿನ ಮಾತೂ ಸುಳ್ಳಲ್ಲ. ಹಸಿ ಹೊಂಗೆ ಎಣ್ಣೆ ಡೀಸೆಲಿಗಿಂತ ಹತ್ತು ಪಟ್ಟಿಗೂ ಹೆಚ್ಚು ಮಂದ. ನಾಝಲ್ಲಿನ ಸೂಜಿರಂಧ್ರದಿಂದ ಅದು ಮಂಜಾಗಿ ಹೊರಡುವುದಿಲ್ಲ, ಹನಿಹನಿಯಾಗಿ ಬೀಳುತ್ತದೆ. ಹನಿ ಪೂರ್ತಿ ಉರಿಯದೆ ಕರಿಯಾಗಿ ನಾಝಲ್ಲಿನ ಬಾಯಿಗೂ ಪಿಸ್ಟನ್ನಿನ ರಿಂಗಿಗೂ ಅಂಟುತ್ತದೆ. ಉಳಿದದ್ದು ಕೆಳಗಿಳಿದು ಎಂಜಿನ್ ಆಯಿಲನ್ನು ಕೆಡಿಸುತ್ತದೆ. ಒಂದೇ ಸ್ಥಿತಿಯಲ್ಲಿ ಗಂಟೆಗಟ್ಟಲೆ ಓಡುವ ಜನರೇಟರಿಗೆ ಒಗ್ಗಿದ್ದು, ಕ್ಷಣಕ್ಕೊಮ್ಮೆ ನಿಂತು ಹೊರಡುವ ಬೈಕಿಗೆ ಒಗ್ಗುವುದು ಕಷ್ಟ. ಸೀಮೆಎಣ್ಣೆ ಬೆರೆಸಿ ತೆಳುವಾಗಿಸುತ್ತೇವೆ ಎನ್ನುವವರಿದ್ದಾರೆ. ಅದಕ್ಕೆ ಡೀಸೆಲಿನ ಜಿಡ್ಡಿಲ್ಲ, ಪಂಪು ಬೇಗ ಸವೆಯುತ್ತದೆ, ಮೇಲಾಗಿ ಕಾನೂನಿಗೂ ವಿರುದ್ಧ.

ಸರಿಯಾದ ದಾರಿ ಎಣ್ಣೆಯ ಅಣುವನ್ನೇ ಬಿಡಿಸುವುದು. ಎಣ್ಣೆಯ ಒಂದೊಂದು ಅಣುವಿನಲ್ಲೂ ಗ್ಲಿಸರಿನ್ನಿನ ಬೆನ್ನಿಗೆ ಮೂರು ಉದ್ದನೆಯ ಕೊಬ್ಬಿನ ಆಮ್ಲದ ಸರಪಳಿಗಳು ಜೋತುಬಿದ್ದಿರುತ್ತವೆ. ಕಾಸ್ಟಿಕ್ ಸೋಡಾ ಕರಗಿಸಿದ ಮೆಥನಾಲ್ ಜೊತೆ ಎಣ್ಣೆಯನ್ನು ಬೆಚ್ಚಗೆ ಕಲಕಿದರೆ ಆ ಮೂರೂ ಸರಪಳಿಗಳು ಗ್ಲಿಸರಿನ್ನನ್ನು ಬಿಟ್ಟು ಮೆಥನಾಲಿನ ಕೈ ಹಿಡಿಯುತ್ತವೆ. ಗ್ಲಿಸರಿನ್ ತಳಕ್ಕೆ ಇಳಿಯುತ್ತದೆ, ಮೇಲೆ ನಿಂತ ತೆಳು ದ್ರವವೇ ಬಯೋಡೀಸೆಲ್. ನೂರು ಕಿಲೊ ಎಣ್ಣೆಗೆ ಹೆಚ್ಚುಕಡಿಮೆ ನೂರು ಕಿಲೊ ಬಯೋಡೀಸೆಲ್, ಹತ್ತು ಕಿಲೊ ಗ್ಲಿಸರಿನ್. ಸೋಪು ಮಾಡುವ ಕ್ರಿಯೆಗೆ ಇದು ದಾಯಾದಿ. ಹೊಂಗೆ ಎಣ್ಣೆಯಲ್ಲಿ ಬಿಡಿ ಆಮ್ಲ ಹೆಚ್ಚಿದ್ದರೆ ದಾಯಾದಿಯೇ ಗೆದ್ದು ಪಾತ್ರೆಯ ತುಂಬ ಸೋಪಾಗುವುದೂ ಉಂಟು. ಅದಕ್ಕೆ ಮೊದಲು ಗಂಧಕಾಮ್ಲದ ಸಂಸ್ಕಾರ ಬೇಕು. ಇದು ಮನೆಯ ಹಿತ್ತಿಲಿನಲ್ಲಿ ಮಾಡುವ ಕೆಲಸವಲ್ಲವೆಂದು ತಂದೆತಾಯಿಗಳು ಗಮನಿಸಬೇಕು. ಮೆಥನಾಲ್ ಕುಡಿದರೆ ಕಣ್ಣು ಹೋಗುತ್ತದೆ, ಪ್ರಾಣವೂ ಹೋಗುತ್ತದೆ. ಅದರ ಆವಿಗೆ ಬೆಂಕಿ ಬಲು ಬೇಗ ತಗಲುತ್ತದೆ. ರಾಜ್ಯದ ಕೆಲವು ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಜೈವಿಕ ಇಂಧನದ ಪ್ರಾತ್ಯಕ್ಷಿಕೆ ಕೇಂದ್ರಗಳನ್ನೇ ತೆರೆಯಲಾಗಿದೆ. ನೋಡುವ ಆಸೆಯುಳ್ಳವರು ಅಂಥಲ್ಲಿಗೆ ಹೋಗಿ ನೋಡುವುದು ಮೇಲು. ವಾಹನದ ರಚನೆಯಲ್ಲಿ ಬದಲಾವಣೆ ಮಾಡುವವರು ಮೋಟಾರು ವಾಹನ ಕಾಯ್ದೆಯನ್ನೂ ನೋಡಿಕೊಳ್ಳಬೇಕು.

ಟೀ ಅಂಗಡಿಯ ಬೆಂಚಿನ ಮೇಲೆ ಕುಳಿತು ಮಗ ಲೆಕ್ಕ ಹಾಕಿದ. ಅಪ್ಪನನ್ನು ಸೋಲಿಸಲೆಂದೇ ಹಾಕಿದ ಲೆಕ್ಕ ಅದು.

ಒಂದು ಮರಕ್ಕೆ ವರ್ಷಕ್ಕೆ 20 ಕಿಲೊ ಬೀಜ ಎಂದು ಇಟ್ಟುಕೊಂಡ. ಮರದಿಂದ ಮರಕ್ಕೆ ಇದರಲ್ಲಿ ಬಹಳ ವ್ಯತ್ಯಾಸ ಉಂಟು, ಇರಲಿ. ಎಂಟು ಮರಕ್ಕೆ 160 ಕಿಲೊ. ಗಾಣದಲ್ಲಿ ನಾಲ್ಕು ಕಿಲೊ ಬೀಜಕ್ಕೆ ಒಂದು ಕಿಲೊ ಎಣ್ಣೆ ಬಂದರೆ 40 ಕಿಲೊ, ಅಂದರೆ 43 ಲೀಟರ್. ಸಸ್ಯತೈಲದಲ್ಲಿ ಶಾಖ ಡೀಸೆಲಿಗಿಂತ ಶೇಕಡಾ ಹತ್ತರಷ್ಟು ಕಡಿಮೆ, ಹಾಗಾಗಿ 70ರ ಬದಲು ಲೀಟರಿಗೆ 63 ಕಿ.ಮೀ. ಒಟ್ಟು 2,700 ಕಿ.ಮೀ. ದಿನಕ್ಕೆ 30ರಂತೆ 90 ದಿನ.

‘ನೋಡಪ್ಪ, ಎಂಟು ಮರ, ಮೂರೇ ತಿಂಗ್ಳು. ವರ್ಷಪೂರ್ತಿ ಓಡ್ಬೇಕಂದ್ರೆ ಮೂವತ್ತೆರಡು ಮರ ಬೇಕು. ಒಂದು ಬೈಕಿಗೆ! ಮೈಸೂರಲ್ಲಿ ಎಷ್ಟು ಗಾಡಿ ಅವೆ, ಯೋಚ್ನೆ ಮಾಡು.’

ಈ ಲೆಕ್ಕವನ್ನು ಯಾರೂ ತಳ್ಳಿಹಾಕುವಂತಿಲ್ಲ. ನಗರದ ವಾಹನಗಳನ್ನೆಲ್ಲ ಹೊಂಗೆ ಎಣ್ಣೆಯಲ್ಲಿ ಓಡಿಸುವ ಮಾತು ಕನಸು. ಬಯೋಡೀಸೆಲ್ಲಿಗೆ ಕೈಗೂಡದ ಗುರಿಗಳನ್ನು ಇಟ್ಟುಕೊಂಡು ದೇಶವೂ ಪಾಠ ಕಲಿತಿದೆ. 2009ರ ರಾಷ್ಟ್ರೀಯ ನೀತಿ 2017ರ ಹೊತ್ತಿಗೆ ಶೇಕಡಾ 20 ಮಿಶ್ರಣ ಎಂದಿತ್ತು. 2018ರ ನೀತಿ ಅದನ್ನು 2030ಕ್ಕೆ ಶೇಕಡಾ 5 ಎಂದು ಇಳಿಸಿಕೊಂಡಿತು. ಆದರೂ ಬದುವಿನ ಮರ ನೀರು ಕೇಳುವುದಿಲ್ಲ, ಗೊಬ್ಬರ ಕೇಳುವುದಿಲ್ಲ, ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿದು ಹೊಲಕ್ಕೇ ಕೊಡುತ್ತದೆ. ಎಣ್ಣೆ ತೆಗೆದ ಮೇಲೆ ಉಳಿಯುವ 120 ಕಿಲೊ ಹಿಂಡಿ ಬದನೆ ಪಾತಿಗೆ ಬೀಳುತ್ತದೆ. ಮಗನ ಲೆಕ್ಕದಲ್ಲಿ ಇದು ಬಿಟ್ಟುಹೋಗಿತ್ತು.

ಅಪ್ಪ ಟೀ ಮುಗಿಸಿ ಲೋಟ ಕೆಳಗಿಟ್ಟರು.

‘ಮೂವತ್ತೆರಡಂದ್ಯಾ? ಎಂಟು ಐತೆ. ಇನ್ನು ಇಪ್ಪತ್ನಾಲ್ಕು ಗಿಡ ನೆಟ್ರಾಯ್ತು.’

‘ಹೊಂಗೆ ಫಸಲಿಗೆ ಬರೋಕೆ ಐದಾರು ವರ್ಷ ಬೇಕಪ್ಪ.’

‘ಬರ್ಲಿ ಬಿಡು. ಅಷ್ಟೊತ್ಗೆ ನೀನೂ ಇಂಜಿನಿಯರ್ ಆಗಿರ್ತೀಯ. ಆ ನಾಝಲ್ ವಿಚಾರ ನೀನೇ ನೋಡ್ಕೊ.’

ಮಗ ನಕ್ಕು ಕಾಗದ ಮಡಚಿ ಜೇಬಿಗಿಟ್ಟುಕೊಂಡ. ಗುಜರಿಯವನ ಮಾತು ಆ ದಿನ ಮತ್ತೆ ಬರಲಿಲ್ಲ. ನವೀಕರಣದ ಅರ್ಜಿಗೆ ಯಾವ ಯಾವ ಕಾಗದ ಬೇಕೆಂದು ಮಾತ್ರ ಇಬ್ಬರೂ ಲೆಕ್ಕ ಹಾಕಿದರು. ಅಪ್ಪ ಲಿವರ್ ಒತ್ತಿ, ಎರಡು ಸಲ ಸುಮ್ಮನೆ ಕಿಕ್ ತಿರುಗಿಸಿ, ಮೂರನೆಯದಕ್ಕೆ ಲಿವರ್ ಬಿಟ್ಟರು. ಡುಗ್ಗು ಡುಗ್ಗು ಎಂದು ಗಾಡಿ ಎದ್ದಿತು. ಸೀಟಿನ ಮೇಲೆ ಉದುರಿದ್ದ ಹೊಂಗೆ ಹೂವುಗಳು ಆ ನಡುಕಕ್ಕೆ ಒಂದೊಂದಾಗಿ ಜಾರಿದವು. ಖಾಲಿ ಬುಟ್ಟಿಗಳನ್ನು ಹಿಡಿದುಕೊಂಡು ಮಗ ಹಿಂದೆ ಕುಳಿತ.