ಮಳವಳ್ಳಿ ರಸ್ತೆಯಲ್ಲೊಂದು ಉದ್ಯೋಗ ವಿಚಾರ

ಪದವಿ ಮುಗಿಸಿದ ಹಳೆಯ ವಿದ್ಯಾರ್ಥಿಗಳು ಆಗಾಗ ಮನೆಗೆ ಬಂದು ‘ಮುಂದೇನು ಸಾರ್?’ ಎನ್ನುತ್ತಾರೆ. ಈಚೆಗೆ ಅವರಲ್ಲಿ ಒಬ್ಬಿಬ್ಬರು ಹೊಸ ಮಾತೊಂದನ್ನು ಆಡುತ್ತಾರೆ. ರೆಡ್ ಕ್ರಾಸ್, ವಿಶ್ವಸಂಸ್ಥೆಯಂಥ ಕಡೆ ಸೇರಿ, ಯುದ್ಧಕ್ಕೋ ಭೂಕಂಪಕ್ಕೋ ಸಿಕ್ಕಿ ಮನೆಮಠ ಕಳೆದುಕೊಂಡವರ ನಡುವೆ ಕೆಲಸ ಮಾಡಬೇಕಂತೆ. ಜೊತೆಗೆ ಬಂದ ತಂದೆಯ ಮುಖದಲ್ಲಿ ಗಾಬರಿ. ಇಬ್ಬರಿಗೂ ನಾನು ಹೇಳುವುದು ಒಂದೇ: ಮಂಡ್ಯದಲ್ಲಿ ಬಸ್ಸು ಹತ್ತಿ, ಮದ್ದೂರಿನಲ್ಲಿ ಇಳಿದು, ಮಳವಳ್ಳಿಯವರೆಗೆ ಹೋಗಿಬನ್ನಿ.

ಮಂಡ್ಯದ ಸುತ್ತ ವಿಶ್ವೇಶ್ವರಯ್ಯ ನಾಲೆಯ ನೀರು, ಕಬ್ಬಿನ ಗದ್ದೆ, 1933ರಲ್ಲಿ ಆರಂಭವಾದ ಮೈಸೂರು ಸಕ್ಕರೆ ಕಂಪನಿ. ಈ ಕಾರ್ಖಾನೆಯ ಹಿಂದೆ ದುಡಿದವರಲ್ಲಿ ಕೆನಡಾದ ಲೆಸ್ಲಿ ಕೋಲ್ಮನ್ ಒಬ್ಬರು. ಜರ್ಮನಿಯಲ್ಲಿ ಓದಿ, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು, ಕೃಷಿ ಇಲಾಖೆಯ ಮುಖ್ಯಸ್ಥರಾದವರು. ಅಡಕೆಯ ಕೊಳೆರೋಗಕ್ಕೆ ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೊ ದ್ರಾವಣ ಸಿಂಪಡಿಸುವುದನ್ನು ಮಲೆನಾಡಿನ ರೈತರಿಗೆ ತೋರಿಸಿಕೊಟ್ಟರು. ಅವರು ಸೇವಾಸಂಸ್ಥೆಯವರಲ್ಲ, ಸಂಬಳದ ನೌಕರರು. ಆದರೂ ಅವರ ಹೆಸರು ಹೇಳುವುದಕ್ಕೆ ಕಾರಣವಿದೆ. ದೂರದ ನಾಡು ಅವರನ್ನು ಬರಮಾಡಿಕೊಂಡದ್ದು ಒಳ್ಳೆಯ ಮನಸ್ಸಿಗಲ್ಲ, ಬೆಳೆಯ ರೋಗ ಬಲ್ಲವರೆಂಬುದಕ್ಕೆ. ಇಂದಿಗೂ ಪರಿಹಾರ ಸಂಸ್ಥೆಗಳು ಹುಡುಕುವುದು ನರ್ಸುಗಳನ್ನು, ನೀರು ಶುದ್ಧಿ ಮಾಡಬಲ್ಲ ಎಂಜಿನಿಯರನ್ನು, ಲೆಕ್ಕ ಬರೆಯುವವರನ್ನು, ಉಗ್ರಾಣ ನೋಡಿಕೊಳ್ಳುವವರನ್ನು. ‘ಸೇವೆ ಮಾಡುವ ಆಸೆಯಿದೆ’ ಎಂದಷ್ಟೇ ಬರೆದ ಅರ್ಜಿ ಮೂಲೆ ಸೇರುತ್ತದೆ.

ಮದ್ದೂರೆಂದರೆ ವಡೆ. ಅದನ್ನು ತಿನ್ನುತ್ತಲೇ ರೈಲು ನಿಲ್ದಾಣದಲ್ಲಿ ಅರ್ಧ ಗಂಟೆ ಕುಳಿತರೆ ಕನ್ನಡ, ತಮಿಳು, ಉರ್ದು, ಹಿಂದಿ, ತೆಲುಗು ಎಲ್ಲವೂ ಕಿವಿಗೆ ಬೀಳುತ್ತವೆ. ನಮ್ಮ ಮಕ್ಕಳು ಇವುಗಳಲ್ಲಿ ಮೂರನ್ನಾದರೂ ಆಡುತ್ತಾರೆ. ಅರ್ಜಿಯಲ್ಲಿ ಮಾತ್ರ ಇಂಗ್ಲಿಷ್ ಒಂದನ್ನೇ ಬರೆಯುತ್ತಾರೆ! ಶ್ರೀಲಂಕಾದ ಉತ್ತರಕ್ಕೆ ಹೋದವನಿಗೆ ತಮಿಳು ಬೇಕು, ಪಾಕಿಸ್ತಾನದ ನೆರೆಪೀಡಿತರ ನಡುವೆ ಉರ್ದು ಬೇಕು. ಗಾಯಗೊಂಡ ಹೆಂಗಸೊಬ್ಬಳು ತನ್ನೂರಿನ ಗಂಡಸು ದುಭಾಷಿಯ ಮುಂದೆ ಹೇಳದ್ದನ್ನು, ತನ್ನ ಮಾತು ಬಲ್ಲ ನರ್ಸಿನ ಮುಂದೆ ಹೇಳಿಯಾಳು. ಇದರ ಜೊತೆಗೆ ವಿಶ್ವಸಂಸ್ಥೆಯ ಆರು ಅಧಿಕೃತ ಭಾಷೆಗಳಲ್ಲಿ, ಅಂದರೆ ಇಂಗ್ಲಿಷ್, ಫ್ರೆಂಚ್, ಸ್ಪ್ಯಾನಿಷ್, ಅರಬ್ಬಿ, ರಷ್ಯನ್, ಚೀನೀ ಇವುಗಳಲ್ಲಿ, ಇಂಗ್ಲಿಷ್ ಬಿಟ್ಟು ಇನ್ನೊಂದನ್ನು ಕಲಿಯಬೇಕು. ನನ್ನ ಆಯ್ಕೆ ಫ್ರೆಂಚ್. ಆಫ್ರಿಕಾದ ಎಷ್ಟೋ ದೇಶಗಳಲ್ಲಿ ಅದೇ ಕಚೇರಿ ಭಾಷೆ. ಬೆಂಗಳೂರಿನ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ಕಲಿಸುತ್ತಾರೆ. ಉರ್ದು ಓದಬಲ್ಲವರಿಗೆ ಅರಬ್ಬಿಯ ಲಿಪಿ ಅರ್ಧ ಗೊತ್ತಿದ್ದಂತೆಯೇ.

ಇದೇ ತಾಲ್ಲೂಕಿನ ಸೋಮನಹಳ್ಳಿಯ ಎಸ್.ಎಂ. ಕೃಷ್ಣ 2011ರಲ್ಲಿ ವಿದೇಶಾಂಗ ಸಚಿವರಾಗಿದ್ದಾಗ, ಅಂತರ್ಯುದ್ಧ ಹತ್ತಿದ ಲಿಬಿಯಾದಿಂದ ಸುಮಾರು 15 ಸಾವಿರ ಭಾರತೀಯರನ್ನು ಹಡಗು, ವಿಮಾನಗಳಲ್ಲಿ ಕರೆತರಲಾಯಿತು. ಅದು ಸರ್ಕಾರದ ಹಾದಿ, ಬೇರೆಯೇ ಪರೀಕ್ಷೆಗಳ ಹಾದಿ. ಮದ್ದೂರಿನವರಿಗೆ ಹೊರದೇಶದ ಸಂಕಟ ಅಷ್ಟೇನೂ ದೂರದ್ದಲ್ಲ ಎಂದು ನೆನಪಿಸಿದೆ, ಅಷ್ಟೆ.

ಅಲ್ಲಿಂದ ಕೆ.ಎಂ. ದೊಡ್ಡಿಯ ಮೇಲೆ ಮಳವಳ್ಳಿ. 1799ರ ಮಾರ್ಚ್ 27ರಂದು ಇಲ್ಲಿ ಟಿಪ್ಪುವಿನ ಸೈನ್ಯಕ್ಕೂ ಇಂಗ್ಲಿಷರಿಗೂ ಕಾಳಗ ನಡೆಯಿತು. ಯಾರು ಗೆದ್ದರೆಂದು ಪುಸ್ತಕಗಳು ಹೇಳುತ್ತವೆ. ಬಯಲಲ್ಲಿ ಬಿದ್ದ ಗಾಯಾಳುಗಳಿಗೆ, ಯಾವ ಪಕ್ಷದವನೆಂದು ಕೇಳದೆ ನೀರು ಕೊಡುವ ಸಂಸ್ಥೆ ಆಗ ಲೋಕದಲ್ಲೇ ಇರಲಿಲ್ಲ. ಅರವತ್ತು ವರ್ಷಗಳ ಬಳಿಕ, 1859ರಲ್ಲಿ, ಇಟಲಿಯ ಸಾಲ್ಫರಿನೋದಲ್ಲಿ ಅಂಥದೇ ಬಯಲನ್ನು ಹೆನ್ರಿ ಡುನಾಂಟ್ ಎಂಬ ಸ್ವಿಸ್ ವ್ಯಾಪಾರಿ ಕಂಡ. ಹಳ್ಳಿಯ ಹೆಂಗಸರನ್ನು ಕೂಡಿಕೊಂಡು ಎರಡೂ ಕಡೆಯವರ ಗಾಯ ತೊಳೆದ. 1863ರಲ್ಲಿ ಜಿನೀವಾದಲ್ಲಿ ರೆಡ್ ಕ್ರಾಸ್ ಹುಟ್ಟಿದ್ದು ಅದರಿಂದ.

ಇನ್ನು ಪೋಷಕರ ಗಾಬರಿ. ಅದು ಸುಳ್ಳಲ್ಲ. 2003ರ ಆಗಸ್ಟ್ 19ರಂದು ಬಾಗ್ದಾದಿನ ವಿಶ್ವಸಂಸ್ಥೆ ಕಚೇರಿಯ ಮೇಲೆ ಬಾಂಬ್ ದಾಳಿಯಾಗಿ 22 ಜನ ಸತ್ತರು; ಆ ದಿನವನ್ನೇ ಈಗ ವಿಶ್ವ ಮಾನವೀಯ ದಿನವೆಂದು ಆಚರಿಸುತ್ತಾರೆ. ಕೆಲಸ ಬಹುಪಾಲು ಗುತ್ತಿಗೆಯದು, ಒಂದು ವರ್ಷಕ್ಕೋ ಎರಡಕ್ಕೋ. ವಿಶ್ವಸಂಸ್ಥೆಯ ಸ್ವಯಂಸೇವಕರಿಗೆ ಸಿಗುವುದು ಜೀವನ ವೆಚ್ಚದ ಭತ್ಯೆ, ಸಂಬಳವಲ್ಲ. ಒಬ್ಬನೇ ಮಗ, ವಯಸ್ಸಾದ ತಾಯಿ ಇರುವ ಮನೆಯಲ್ಲಿ ಈ ಮಾತು ಕೂತು ಆಡಬೇಕಾದದ್ದೇ; ‘ಬೇಡ’ ಎಂದ ತಂದೆಯನ್ನು ನಾನು ಹಳಿಯಲಾರೆ. ಒಂದು ಎಚ್ಚರಿಕೆ ಮಾತ್ರ ಎಲ್ಲರಿಗೂ: ವಿಶ್ವಸಂಸ್ಥೆ ನೇಮಕಕ್ಕೆ ಯಾವ ಹಂತದಲ್ಲೂ ಹಣ ಕೇಳುವುದಿಲ್ಲ. ಕೇಳಿದವನು ಮೋಸಗಾರ.

ಮನಸ್ಸು ಗಟ್ಟಿಯಿದೆಯೇ ಎಂದು ನೋಡಿಕೊಳ್ಳಲು ಮೊದಲು ಹತ್ತಿರದಲ್ಲೇ ಕೈಹಾಕಿ. 2018ರಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ, 2024ರಲ್ಲಿ ವಯನಾಡಿನಲ್ಲಿ ಊರುಗಳೇ ಕೊಚ್ಚಿಹೋದಾಗ, ನಿರಾಶ್ರಿತರ ಶಿಬಿರಗಳಲ್ಲಿ ಅಕ್ಕಿ ಅಳೆಯುವುದರಿಂದ ಹಿಡಿದು ಕಾಣೆಯಾದವರ ಪಟ್ಟಿ ಬರೆಯುವವರೆಗೆ ಕೆಲಸವಿತ್ತು. ಹೊರದೇಶದ ಅರ್ಜಿಯಲ್ಲಿ ಬೆಲೆ ಬರುವುದು ಇಂಥ ಅನುಭವಕ್ಕೆ.

ಅಂದಹಾಗೆ, ಕ್ಷೇತ್ರಕ್ಕೆ ಕಳಿಸುವಾಗ ಎಷ್ಟೋ ಸಂಸ್ಥೆಗಳು ವಾಹನ ಚಾಲನೆಯ ಪರವಾನಗಿಯನ್ನೂ ಕೇಳುತ್ತವೆ. ಟ್ರ್ಯಾಕ್ಟರ್ ಮೇಲೆ ಬೆಳೆದ ನಮ್ಮ ಹುಡುಗರಿಗೆ ಗೇರು ಹಾಕುವುದನ್ನು ಹೇಳಿಕೊಡಬೇಕಿಲ್ಲ. ಹುಡುಗಿಯರೂ ಈ ರಜೆಯಲ್ಲೇ ಕಲಿತುಬಿಡಲಿ.