ರಾಣಿಯ ಟಪಾಲು, ರಾಜರ ಊರು

ನಮ್ಮ ಬನಹಟ್ಟಿ ಕಡೆಯ ಹಳೇ ಕಾಗದಗಳಿಗೆ ನಟ್ಟನಡುವೆ ಒಂದು ತೂತು ಇರುತ್ತದೆ. ಸೀರೆ ವ್ಯಾಪಾರದವರ ಪಡಸಾಲೆಯಲ್ಲಿ ಜಂತಿಗೊಂದು ದಪ್ಪ ತಂತಿ ಜೋತುಬಿದ್ದಿರುತ್ತಿತ್ತು. ಕೆಳಗೆ ಕಟ್ಟಿಗೆಯ ಬಿಲ್ಲೆ, ಮೇಲೆ ಚೂಪು ಮಾಡಿದ ಕೊಕ್ಕೆ. ಕಾಗದ ಬಂತು, ಓದಿದರು, ಉತ್ತರ ಬರೆದರು, ತಂತಿಗೆ ಚುಚ್ಚಿದರು. ಅಲ್ಲಿಗೆ ಆ ವ್ಯವಹಾರ ಮುಗಿಯಿತು. ನಮ್ಮನೆಯ ತಂತಿಯ ತಳದಲ್ಲಿ ಸೊಲ್ಲಾಪುರದ ನೂಲಿನ ವ್ಯಾಪಾರಿಯೊಬ್ಬರು ಮುತ್ತಜ್ಜನಿಗೆ ಬರೆದ ಕಾಲಾಣೆ ಕಾರ್ಡು ಸಿಕ್ಕಿತು. ತೂತು ಸರಿಯಾಗಿ ನೂಲಿನ ದರ ಬರೆದಲ್ಲೇ ಬಿದ್ದಿದೆ. ಮುತ್ತಜ್ಜ ಲಾಭದಲ್ಲಿದ್ದನೋ ನಷ್ಟದಲ್ಲಿದ್ದನೋ, ಆ ತಂತಿಗೇ ಗೊತ್ತು.

ಹಳೇ ಲಕೋಟೆ ಕೊಳ್ಳುವವರು ಇಂಥ ತೂತು ಕಂಡರೆ ಮುಖ ಸಿಂಡರಿಸಿ ಅರ್ಧ ಬೆಲೆ ಹೇಳುತ್ತಾರೆ. ನನಗೆ ಅನುಕೂಲವೇ ಆಯಿತು. ಮಾಸ್ತರಿಕೆಯ ಪಗಾರದಲ್ಲಿ ತೂತಿಲ್ಲದ ವಿಕ್ಟೋರಿಯಾ ರಾಣಿ ನನಗೆ ಎಟುಕುವವಳಲ್ಲ.

ಈ ಹುಚ್ಚಿಗೆ ಅಮೆರಿಕದಲ್ಲಿ ದೊಡ್ಡ ಮರ್ಯಾದೆ ಇದೆ. ಅಲ್ಲಿನ ಪಶ್ಚಿಮದ ಎಷ್ಟೋ ಪ್ರಾಂತಗಳು ರಾಜ್ಯಗಳಾಗುವ ಮೊದಲು ‘ಟೆರಿಟರಿ’ಗಳಾಗಿದ್ದವು. ಡಕೋಟ 1861ರಿಂದ 1889ರವರೆಗೆ, ಅರಿಜೋನ 1863ರಿಂದ 1912ರವರೆಗೆ. ಆ ಅವಧಿಯಲ್ಲಿ ಗಣಿಯ ಬಿಡಾರದಿಂದಲೋ ದಂಡಿನ ಠಾಣೆಯಿಂದಲೋ ಹೊರಟ ಲಕೋಟೆಗಾಗಿ ಜನ ಹರಾಜಿನಲ್ಲಿ ಜಿದ್ದಿಗೆ ಬೀಳುತ್ತಾರೆ. ಒಳಗಿನ ಪತ್ರ ಇಲ್ಲದಿದ್ದರೂ ನಡೆದೀತು, ಹೊರಗಿನ ಮುದ್ರೆ ಮಾತ್ರ ಬೇಕು. ಕುದುರೆ ಸವಾರರು ಓಡಿಸಿದ ಪೋನಿ ಎಕ್ಸ್‌ಪ್ರೆಸ್ ಟಪಾಲು 1860ರಲ್ಲಿ ಶುರುವಾಗಿ, ತಂತಿ ಸಮಾಚಾರ ಬಂದದ್ದೇ ತಡ, 1861ರಲ್ಲಿ ಬಾಗಿಲು ಹಾಕಿತು. ಅದರ ಲಕೋಟೆ ಕೈಯಲ್ಲಿದ್ದವನು ನಮ್ಮೂರಿನಲ್ಲಿ ಒಂದು ಮಿಲ್ಲನ್ನೇ ಕೊಂಡಾನು.

ಆ ಕತೆ ಓದುವಾಗ ನನಗೆ ನೆನಪಾದದ್ದು ಕಲಾದಗಿ. ಈಗ ಕಲಾದಗಿ ಅಂದರೆ ದಾಳಿಂಬೆ, ಚಿಕ್ಕು. ಆದರೆ 1864ರಿಂದ 1885ರವರೆಗೆ ಅದು ಜಿಲ್ಲೆಯ ಮುಖ್ಯ ಊರು. ಅದಕ್ಕೂ ಮೊದಲು ಇಂಗ್ರಜರ ದಂಡಿನ ಠಾಣೆ. 1857ರ ನವೆಂಬರಿನಲ್ಲಿ ಹಲಗಲಿಯ ಬೇಡರು ಹತಾರ ಕೊಡೆವು ಎಂದು ತಿರುಗಿಬಿದ್ದಾಗ ಅವರ ಮೇಲೆ ಪಡೆ ಹೊರಟದ್ದು ಇಲ್ಲಿಂದಲೇ. 1885ರಲ್ಲಿ ಕಚೇರಿಗಳೆಲ್ಲ ವಿಜಾಪುರಕ್ಕೆ ಗಂಟುಮೂಟೆ ಕಟ್ಟಿದವು. ಜಿಲ್ಲೆಯ ಠಾಣೆಯಾಗಿ ಕಲಾದಗಿ ಮುದ್ರೆ ಒತ್ತಿದ್ದು ಇಪ್ಪತ್ತೊಂದು ವರ್ಷ ಮಾತ್ರ. ಡಕೋಟದವರಿಗೂ ಇದಕ್ಕಿಂತ ಹೆಚ್ಚು ಸಮಯ ಸಿಕ್ಕಿತ್ತು.

ಇನ್ನು ಗಡಿಯ ಮಾತು ಬಂದರೆ ನಮ್ಮಷ್ಟು ಗಡಿ ಕಂಡವರು ಕಡಿಮೆ. ಬಿಳಗಿ ಇಂಗ್ರಜರದು. ಜಮಖಂಡಿ ಪಟವರ್ಧನರದು. ಮುಧೋಳ ಘೋರ್ಪಡೆಯವರದು. ರಬಕವಿ ಸಾಂಗಲಿಗೆ ಸೇರಿದ್ದು, ಪಕ್ಕದ ಬನಹಟ್ಟಿ ಜಮಖಂಡಿಗೆ ಸೇರಿದ್ದು. ರಬಕವಿಯಲ್ಲಿ ಹಾಸು ಹೂಡಿ ಬನಹಟ್ಟಿಯಲ್ಲಿ ಸೀರೆ ಮಾರಿದವನು ಒಂದು ಸಂಸ್ಥಾನ ದಾಟಿ ಬಂದಂತೆ. ಆದರೆ ಟಪಾಲಿಗೆ ಮಾತ್ರ ಈ ರಾಜರು ಯಾರೂ ಲೆಕ್ಕಕ್ಕಿಲ್ಲ. 1854ರ ಅಕ್ಟೋಬರ್ ಒಂದರಿಂದ ಕಾಲು ತೊಲೆಯ ಕಾಗದಕ್ಕೆ ಅರ್ಧಾಣೆ. ಮುಧೋಳಕ್ಕಾದರೂ ಅಷ್ಟೇ, ಕಲ್ಕತ್ತಕ್ಕಾದರೂ ಅಷ್ಟೇ. ಪೂರ್ವಕ್ಕೆ ನಿಜಾಮನು ತನ್ನದೇ ಸ್ಟಾಂಪು ಅಚ್ಚು ಹಾಕಿಸುತ್ತಿದ್ದ. ದಕ್ಷಿಣಕ್ಕೆ ಮೈಸೂರಿನವರು ಚಿಕ್ಕದೇವರಾಜರ ಕಾಲದ ತಮ್ಮ ಅಂಚೆಯನ್ನು 1889ರವರೆಗೂ ನಡೆಸಿದರು. ನಮ್ಮ ರಾಜರಿಗೆ ಅಷ್ಟು ಹಿಡಿತವಿರಲಿಲ್ಲ. ಜಮಖಂಡಿಯವರು ಕೋರ್ಟ್ ಫೀ ಸ್ಟಾಂಪು ಮಾಡಿಸಿದ್ದುಂಟು. ಹೀಗಾಗಿ ಅಣ್ಣತಮ್ಮಂದಿರ ಜಗಳಕ್ಕೆ ರಾಜರ ಸ್ಟಾಂಪು, ಕ್ಷೇಮ ಸಮಾಚಾರಕ್ಕೆ ರಾಣಿಯ ಸ್ಟಾಂಪು. ಮುಧೋಳದ ಗತಿ ಇನ್ನೂ ವಿಚಿತ್ರ. 2005ರಲ್ಲಿ ನಮ್ಮ ಅಂಚೆ ಇಲಾಖೆ ಹೊರತಂದ ದೇಸಿ ನಾಯಿಗಳ ಸ್ಟಾಂಪುಗಳಲ್ಲಿ ಮುಧೋಳ ನಾಯಿಯೂ ಒಂದು. ಸಂಸ್ಥಾನಕ್ಕೆ ಒದಗದ ಅಂಚೆಚೀಟಿ ಅದರ ಬೇಟೆನಾಯಿಗೆ ಒದಗಿತು!

ಲಕೋಟೆ ಓದುವುದೆಂದರೆ ಬೆನ್ನು ಓದುವುದು. ನನ್ನ ಹತ್ತಿರ ಹಸಿರು ಅರ್ಧಾಣೆಯ ಒಂದು ಲಕೋಟೆ ಇದೆ. ವಿಳಾಸ ಮೋಡಿ ಅಕ್ಷರದಲ್ಲಿ, ಬಾಣದಂತೆ ಓರೆ. ಪೋಸ್ಟಿನವರಿಗೆ ತಿಳಿಯಲೆಂದು ಯಾರೋ ಕೆಂಪು ಶಾಯಿಯಲ್ಲಿ ‘ಜಮಖಂಡಿ’ ಎಂದು ಇಂಗ್ರಜಿಯಲ್ಲಿ ಗೀಚಿದ್ದಾರೆ. ತಿರುವಿದರೆ ಮೂರು ಮುದ್ರೆ: ದಾಟಿದ ಊರಿನದು, ಮುಟ್ಟಿದ ಊರಿನದು, ಮೂರನೆಯದು ಬರೀ ಮಸಿಯ ಗುಪ್ಪೆ. ಭೂತಗನ್ನಡಿ ಹಿಡಿದು, ಓರೆಬಿಸಿಲಿಗೆ ಒಡ್ಡಿ, ಎಷ್ಟು ಹೊರಳಾಡಿಸಿದರೂ ಆ ಗುಪ್ಪೆ ಊರಿನ ಹೆಸರು ಹೇಳುವುದಿಲ್ಲ. ಒಂದು ದಿನ ‘ಬಾಗ’ ಎಂದು ಓದಿದಂತಾಗುತ್ತದೆ, ಮರುದಿನ ‘ಬೆಳಗಾ’. ಹೆಂಡತಿ ಅದರಲ್ಲಿ ಗಣಪತಿಯನ್ನು ಕಂಡಳು.

ಬ್ಯಾರಿಂಗ್ ಲಕೋಟೆಗಳೂ ಬೇಕಾದಷ್ಟು ಸಿಗುತ್ತವೆ. ಸ್ಟಾಂಪು ಹಚ್ಚದೆ ಹಾಕಿದರೆ ತೆಗೆದುಕೊಳ್ಳುವವನು ಎರಡು ಪಟ್ಟು ಕೊಡಬೇಕು. ಆದರೂ ಹಿಂದಿನವರು ಬೇಕೆಂದೇ ಹಾಗೆ ಹಾಕುತ್ತಿದ್ದರಂತೆ. ರೊಕ್ಕ ಮೊದಲೇ ಕೊಟ್ಟ ಕಾಗದವನ್ನು ಟಪಾಲಿನವರು ಎಲ್ಲಾದರೂ ಒಗೆದಾರು, ಬ್ಯಾರಿಂಗ್ ಆದರೆ ವಸೂಲಿಗಾದರೂ ಮನೆ ಹುಡುಕಿಕೊಂಡು ಬರುತ್ತಾರೆ ಎಂಬ ಲೆಕ್ಕ. ಗುತ್ತಿಗೆದಾರರ ಜತೆ ಒಮ್ಮೆ ವ್ಯವಹಾರ ಮಾಡಿದವರು ಯಾರೂ ಇದನ್ನು ದಡ್ಡತನ ಅನ್ನಲಾರರು.

ಇಷ್ಟು ಕಾಗದ ಕೂಡಿದ ಮೇಲೆ ಒಂದು ಸಂಗತಿ ಕಣ್ಣಿಗೆ ಬಿತ್ತು. ನಮ್ಮ ತಂತಿಯಲ್ಲಿ ಯಾರೂ ಸತ್ತಿಲ್ಲ! ಮೂಲೆಗೆ ಅರಿಷಿಣ ಹಚ್ಚಿದ ಲಗ್ನದ ಕಾಗದಗಳಿವೆ, ಹೆಣ್ಣು ಹೆತ್ತ ಸುದ್ದಿಯಿದೆ, ಗಂಡು ಹೆತ್ತ ಸುದ್ದಿ ಇನ್ನೂ ದೊಡ್ಡ ಅಕ್ಷರದಲ್ಲಿದೆ, ಮಳೆ ಕೈಕೊಟ್ಟದ್ದಿದೆ, ಬಾಕಿ ಕೊಡದವರ ಉಭಯ ಕುಶಲೋಪರಿ ಧಾರಾಳವಾಗಿದೆ. ಸಾವಿನ ಕಾಗದ ಮಾತ್ರ ಇಲ್ಲ. ಅದನ್ನು ಓದಿದೊಡನೆ ಹರಿದು ಒಗೆಯುವುದು ರೂಢಿ, ಮನೆಯೊಳಗೆ ಇಟ್ಟುಕೊಳ್ಳಬಾರದು. ಪ್ಲೇಗು, ಬರ ಎರಡೂ ತುಳಿದು ಹೋದ ಸೀಮೆ ಇದು. ಕಾಗದ ನಂಬಿದರೆ ಇಲ್ಲಿ ಬರೀ ಮದುವೆಗಳಾದವು, ನೂಲು ತುಟ್ಟಿಯಾಯಿತು, ಅಷ್ಟೇ. ಇತಿಹಾಸ ಬರೆಯುವವರು ಈ ತಂತಿಗಳನ್ನು ಸ್ವಲ್ಪ ಅನುಮಾನದಿಂದಲೇ ನೋಡಬೇಕು.

1948ರ ಮಾರ್ಚಿನಲ್ಲಿ ಸಂಸ್ಥಾನಗಳು ವಿಲೀನವಾದವು. ವಿಳಾಸದ ಕೊನೆಗೆ ‘ಸಂಸ್ಥಾನ ಜಮಖಂಡಿ’ ಎಂದಿದ್ದದ್ದು ‘ಜಿಲ್ಲಾ ವಿಜಾಪುರ’ ಆಯಿತು, 1997ರಲ್ಲಿ ‘ಬಾಗಲಕೋಟೆ’ ಆಯಿತು. ರಬಕವಿ, ಬನಹಟ್ಟಿ ಒಂದೇ ನಗರಸಭೆಯಾಗಿ, ತಾಲೂಕೂ ಆದವು. ಪಿನ್ ಕೋಡು ಮಾತ್ರ ಇಂದಿಗೂ ಬೇರೆ ಬೇರೆ. ಸಾಂಗಲಿಗೂ ಜಮಖಂಡಿಗೂ ಇದ್ದ ಗೆರೆ ಹೆಚ್ಚುಕಡಿಮೆ ಅಲ್ಲೊಂದು ಕಡೆ ಉಳಿದುಬಿಟ್ಟಿದೆ. ಬಿಳಗಿ ಕಡೆ ಆಲಮಟ್ಟಿಯ ಹಿನ್ನೀರು ಊರಿಗೆ ಊರೇ ನುಂಗಿತು. ಆ ಊರುಗಳ ಶಾಖಾ ಅಂಚೆಯ ಮುದ್ರೆ ಬಿದ್ದ ಇನ್‌ಲ್ಯಾಂಡ್ ಪತ್ರಗಳನ್ನು ಈಗ ಯಾರೂ ಮುಟ್ಟುವುದಿಲ್ಲ. ನಾನು ಅವನ್ನೂ ತಂದು ಬೇರೊಂದು ಡಬ್ಬಿಯಲ್ಲಿ ಇಡತೊಡಗಿದ್ದೇನೆ. ತೀರ ಹೊಸವು, ನಲವತ್ತು ವರ್ಷವೂ ಆಗಿಲ್ಲ, ನನ್ನ ದೃಷ್ಟಿಯಲ್ಲಿ ಅವೇ ಮುಂದೆ ಬೆಲೆಯಾಗುವಂಥವು.

ಹೀಗೆ ಹುಡುಕಲು ಹೋಗುವ ರದ್ದಿ ಅಂಗಡಿಯೊಂದು ಜಮಖಂಡಿಯಲ್ಲಿದೆ. ಅಂಗಡಿಯವ ಮೊದಮೊದಲು ಕಿಲೋ ಲೆಕ್ಕದಲ್ಲಿ ಕೊಡುತ್ತಿದ್ದ.

“ಮಾಸ್ತರ, ಇದರಾಗ ಏನ್ ಐತ್ರಿ ಅಂಥಾದ್ದು?”

“ಏನಿಲ್ಲಪಾ, ಹಳೀ ಮುದ್ರಿ ನೋಡ್ತೀನಿ.”

“ಹಂಗಿದ್ರ ಇನ್ನ ಮ್ಯಾಲೆ ಮುದ್ರಿಗೆ ಇಷ್ಟಂತ ಹಿಡಿಯೂಣ್ರಿ.”

ಮುದ್ರೆಗೆ ಇಷ್ಟು ಎಂದು ಹಿಡಿದ ಮೇಲೆ ಅವನು ಇನ್ನೊಂದು ಉಪಕಾರ ಮಾಡತೊಡಗಿದ. ಚೊಕ್ಕಾಗಿ ಕಾಣಲೆಂದು ಸ್ಟಾಂಪುಗಳನ್ನು ನೀರಿಗೆ ಹಾಕಿ ಬಿಡಿಸಿ, ಒಣಗಿಸಿ, ಲಕೋಟೆ ಒಲೆಗೆ ಹಾಕಿ, ಸ್ಟಾಂಪುಗಳನ್ನಷ್ಟೇ ಪುಡಿಕೆ ಕಟ್ಟಿ ನನಗಾಗಿ ತೆಗೆದಿಟ್ಟಿದ್ದ. ಅರ್ಧ ಮುದ್ರೆ ಸ್ಟಾಂಪಿನ ಮೇಲೆ, ಅರ್ಧ ಬೂದಿಯಲ್ಲಿ. ಒಂದರ ಮೇಲೆ ‘ಕಲಾ’ ಎಂಬಷ್ಟು ಇಂಗ್ರಜಿ ಅಕ್ಷರಗಳು ಕಾಣುತ್ತಿದ್ದವು.

ಆದಕಾರಣ ಓದುಗರಲ್ಲಿ ವಿನಂತಿ: 1885ಕ್ಕೂ ಹಿಂದಿನ ಲಕೋಟೆ ನಿಮ್ಮ ಅಟ್ಟದ ಮೇಲೆ ಇದ್ದರೆ ದಯವಿಟ್ಟು ನೀರು ಮುಟ್ಟಿಸಬೇಡಿ. ತೂತು ಇದ್ದರೂ ಅಡ್ಡಿಯಿಲ್ಲ.