ನಾಟಿ ಮಾಡಿದ ಕೂದಲು ಉದುರಿದಾಗ

ತಲೆ ತುಂಬ ಕೂದಲಿರುವವರಿಗೆ ಕೂದಲು ಉದುರುವುದು ಒಂದು ವಿಷಯವೇ ಅಲ್ಲ. "ಅಷ್ಟಕ್ಕೆಲ್ಲ ಯಾಕಯ್ಯಾ ತಲೆ ಕೆಡಿಸಿಕೊಳ್ತೀಯ?" ಎಂದು ಬೆನ್ನು ತಟ್ಟಿ ಹೋಗಿಬಿಡುತ್ತಾರೆ. ನನಗಾದರೋ 26ನೆಯ ವಯಸ್ಸಿಗೇ ಹಣೆ ನೆತ್ತಿಯನ್ನು ಮುಟ್ಟಿತ್ತು. ಎರಡು ಕಡೆ ಹೆಣ್ಣಿನವರು ಫೋಟೋ ನೋಡಿಯೇ "ಹುಡುಗನಿಗೆ ವಯಸ್ಸಾಗಿದೆ" ಎಂದಿದ್ದರು. ಕೊನೆಗೆ 31ನೆಯ ವಯಸ್ಸಿನಲ್ಲಿ, ಮೂರು ವರ್ಷದ ಉಳಿತಾಯ ತೆಗೆದುಕೊಂಡು ಬೇಸಿಗೆ ರಜೆಯಲ್ಲಿ ಬೆಂಗಳೂರಿಗೆ ಹೋಗಿ ಕೂದಲು ಕಸಿ ಮಾಡಿಸಿಕೊಂಡೆ. ತಲೆಯ ಹಿಂಬದಿಯಿಂದ ಸುಮಾರು 2,000 ಬುಡಗಳನ್ನು ಒಂದೊಂದಾಗಿ ತೆಗೆದು ಮುಂದೆ ನೆಟ್ಟರು.

ಮೊದಲ ಎರಡು ವಾರ ಕನ್ನಡಿಯೇ ನನ್ನ ಸಂಗಾತಿ. ಮೂರನೆಯ ವಾರ ದಿಂಬಿನ ಮೇಲೆ ಪುಟ್ಟ ಪುಟ್ಟ ಕೂದಲುಗಳು ಕಂಡವು. ಐದನೆಯ ವಾರದ ಹೊತ್ತಿಗೆ ನೆಟ್ಟದ್ದರಲ್ಲಿ ಬಹುಪಾಲು ಉದುರಿತ್ತು. ಹೀಗಾಗುತ್ತದೆಂದು ವೈದ್ಯರು ಮೊದಲೇ ಹೇಳಿದ್ದರು. ಆದರೆ ಕಿವಿ ಕೇಳಿದ್ದನ್ನು ಮನಸ್ಸು ಒಪ್ಪಬೇಕಲ್ಲ! ಊಟ ಸೇರಲಿಲ್ಲ, ಯಾರ ಮನೆಗೂ ಹೋಗಲಿಲ್ಲ. ಗದ್ದೆಯಲ್ಲಿ ದುಡಿದ ಅಮ್ಮ ಒಂದು ದಿನ ಹೇಳಿದಳು: "ನಾಟಿ ಮಾಡಿದ ಪೈರು ಮೊದಲು ಹಳದಿಗೆ ತಿರುಗಲ್ವೇನೋ? ಹಾಗಂತ ಬೇರು ಬಿಟ್ಟಿದೆಯೋ ಇಲ್ವೋ ಅಂತ ಕಿತ್ತು ನೋಡ್ತೀವಾ?"

ಜೂನ್ ಬಂತು, ಕಾಲೇಜು ತೆರೆಯಿತು. ನಾನು ಜೀವಶಾಸ್ತ್ರದ ಮೇಷ್ಟ್ರು. ಟೋಪಿ ಹಾಕಿಕೊಂಡು ಪಾಠ ಮಾಡಲು ಮನಸ್ಸಾಗಲಿಲ್ಲ. ಮೊದಲ ದಿನವೇ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು: "ಸಾರ್, ಆಪರೇಷನ್ ಮಾಡಿಸಿದ್ರಂತೆ, ಕೂದಲೆಲ್ಲಿ?" ತರಗತಿ ಗೊಳ್ಳೆಂದಿತು. ನಾನೂ ನಕ್ಕು, ಬೋರ್ಡಿನ ಮೇಲೆ ಕೂದಲಿನ ಬುಡದ ಚಿತ್ರ ಬರೆದೆ.

ನಮ್ಮ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲಿರುತ್ತವೆ. ಒಂದೊಂದೂ 2ರಿಂದ 6 ವರ್ಷ ಬೆಳೆದು, ಸುಮಾರು 3 ತಿಂಗಳು ವಿಶ್ರಮಿಸಿ ಉದುರುತ್ತದೆ. ಅದೇ ಬುಡದಿಂದ ಹೊಸದು ಹುಟ್ಟುತ್ತದೆ. ದಿನಕ್ಕೆ 50ರಿಂದ 100 ಉದುರುವುದು ಸಹಜ. ಕಿತ್ತು ಬೇರೆಡೆ ನೆಟ್ಟಾಗ ಬುಡಕ್ಕೆ ಆಘಾತವಾಗಿ ಅದು ವಿಶ್ರಾಂತಿಗೆ ಜಾರುತ್ತದೆ. ಉದುರುವುದು ಮೇಲಿನ ಎಳೆ ಮಾತ್ರ. ಬುಡ ಚರ್ಮದೊಳಗೇ ಇರುತ್ತದೆ. ಅಕ್ಕಪಕ್ಕದ ಹಳೆಯ ಕೂದಲೂ ಕೆಲವೊಮ್ಮೆ ತಾತ್ಕಾಲಿಕವಾಗಿ ಉದುರುವುದುಂಟು. ಹಿಂದಲೆಯ ಕೂದಲನ್ನು ಮುಂದೆ ನೆಟ್ಟರೂ ಅದು ತನ್ನ ಮೂಲಗುಣ ಬಿಡುವುದಿಲ್ಲ ಎಂಬುದನ್ನು ನ್ಯೂಯಾರ್ಕಿನ ಚರ್ಮವೈದ್ಯ ನಾರ್ಮನ್ ಆರೆಂಟ್ರೈಕ್ 1959ರಲ್ಲಿ ಪ್ರಕಟಿಸಿದ್ದರು. ಇಷ್ಟು ಹೇಳುವಷ್ಟರಲ್ಲಿ ನಗು ನಿಂತಿತ್ತು. ವಿಚಿತ್ರವೆಂದರೆ, ಅವರಿಗೆ ಹೇಳುತ್ತ ಹೇಳುತ್ತ ನನ್ನ ಎದೆಯೂ ಹಗುರಾಗಿತ್ತು.

ಸಂಜೆ ಕೊನೆಯ ವರ್ಷದ ಹುಡುಗನೊಬ್ಬ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದ. ವಯಸ್ಸು 20. ಟೋಪಿ ತೆಗೆದು ತೋರಿಸಿದ, ನೆತ್ತಿ ತೆಳುವಾಗಿತ್ತು. ಗೆಳೆಯರ ಹಾಸ್ಯಕ್ಕೆ ಹೆದರಿ ತಿಂಗಳಿಂದ ಸರಿಯಾಗಿ ತರಗತಿಗೆ ಬಂದಿರಲಿಲ್ಲ. "ಸಾಲ ಮಾಡಿಯಾದರೂ ಆಪರೇಷನ್ ಮಾಡಿಸ್ತೀನಿ ಸಾರ್. ಅಪ್ಪನಿಗೆ ಹೇಳಿದ್ರೆ ಬಯ್ತಾರೆ" ಎಂದ. ಕೂರಿಸಿಕೊಂಡು ಹೇಳಿದೆ: ಈ ವಯಸ್ಸಿನಲ್ಲಿ ಕೂದಲು ಎಲ್ಲಿಯವರೆಗೆ ಹೋಗುತ್ತದೆಂದು ತಿಳಿಯದು. ಈಗ ನೆಟ್ಟರೆ, ನಾಳೆ ಸುತ್ತಲಿನದು ಉದುರಿ ನೆಟ್ಟದ್ದು ಮಾತ್ರ ದ್ವೀಪದಂತೆ ಉಳಿಯಬಹುದು. ಹಿಂದಲೆಯ ದಾಸ್ತಾನೂ ಮಿತವಾದದ್ದು. ಮೊದಲು ಚರ್ಮವೈದ್ಯರನ್ನು ಕಾಣಬೇಕು; ಉದುರುವುದನ್ನು ನಿಧಾನಿಸುವ ಔಷಧಿಗಳಿವೆ. ಮಾರನೆಯ ವಾರ ಅವನ ತಂದೆಯೇ ಬಂದರು. "ಇವನು ಇಷ್ಟೊಂದು ಕೊರಗ್ತಿದ್ದಾನೆ ಅಂತ ಗೊತ್ತೇ ಇರಲಿಲ್ಲ ಮೇಷ್ಟ್ರೇ" ಎಂದವರು ಮಗನನ್ನು ತಾವೇ ವೈದ್ಯರ ಬಳಿ ಕರೆದೊಯ್ದರು.

ನನಗೆ ನಾಲ್ಕನೆಯ ತಿಂಗಳಲ್ಲಿ ಎಳೆ ಚಿಗುರು ಕಂಡಿತು. ಕೂದಲು ಬೆಳೆಯುವುದು ತಿಂಗಳಿಗೆ ಸುಮಾರು 1 ಸೆಂಟಿಮೀಟರ್. ಹಾಗಾಗಿ ಪೂರ್ಣ ಫಲ ಕಾಣಲು ಒಂದು ವರ್ಷ ಹಿಡಿಯಿತು. ಕಾಲೇಜು ದಿನಗಳ ದಟ್ಟ ಕೂದಲು ಬರಲಿಲ್ಲ, ಬಂದದ್ದು ಸಾಕೆನಿಸಿತು.

ಈ ದಾರಿಯಲ್ಲಿರುವ ತರುಣರು ಕಾಯುವ ತಿಂಗಳುಗಳಲ್ಲಿ ದಿನವೂ ಕೂದಲು ಎಣಿಸುವುದು ಬೇಡ. ತಿಂಗಳಿಗೊಂದು ಫೋಟೋ ಸಾಕು. ಕೀವು, ಜ್ವರ, ಹೆಚ್ಚುವ ನೋವು ಕಂಡರೆ ಮಾತ್ರ ತಡಮಾಡದೆ ವೈದ್ಯರಲ್ಲಿಗೆ ಹೋಗಿ. ತಂದೆ ತಾಯಂದಿರಲ್ಲಿ ಒಂದು ಮಾತು: ಮಗ ಮನೆಯೊಳಗೂ ಟೋಪಿ ತೆಗೆಯದಿದ್ದರೆ ಗದರಬೇಡಿ, ನಗಬೇಡಿ. ಪಕ್ಕದಲ್ಲಿ ಕೂತು ಏನಾಯಿತೆಂದು ಕೇಳಿ.